ಗೋಡೆಯ ಮೇಲಿನ ಬಿಳಿ ಗುರುತು

'ನೀಲಿ ಮೇಕೆ' ಹೋಟೆಲಿನ ಯಜಮಾನ ಎಂಗೆಲ್ಬರ್ಟ್ ಪ್ರತಿ ವರ್ಷ ಜನವರಿಯಿಂದ ಮಾರ್ಚ್ ತನಕ, ವಾರ ವಾರವೂ 'ಸ್ಕೀ ಬಾರದವರ ವಾರ' ಅಂತ ಒಂದು ನಡೆಸುತ್ತಿದ್ದ. ಬೆಟ್ಟಕ್ಕೆ ಬಂದು ಬೆಟ್ಟದಿಂದ ಜಾರಲು ಹೆದರುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆಂಬುದು ಅವನು ಕಂಡುಕೊಂಡ ಸತ್ಯ. ಬಣ್ಣದ ಚೀಟಿಯಲ್ಲಿ ಎಲ್ಲ ಅಚ್ಚಾಗಿತ್ತು. ಸೋಮವಾರ ಅಗಲ ಪಾದುಕೆ ಕಟ್ಟಿಕೊಂಡು ಹಿಮದ ಮೇಲೆ ಕಾಡಿನ ನಡಿಗೆ, ಮಂಗಳವಾರ ಕುದುರೆ ಬಂಡಿ, ಗುರುವಾರ ಮರದ ಜಾರುಬಂಡಿ. ಇವುಗಳ ನಡುವೆ, ದಪ್ಪಕ್ಷರದಲ್ಲಿ: 'ಬುಧವಾರ: ಕೊಳದ ಮೇಲೆ ಹಿಡಿಗುಂಡಿನ ಆಟ. ನಂತರ ಬಿಸಿ ವೈನಿನ ಜೊತೆ, ಮೋಸಗಾರನ ಗುಂಡಿನ ನಿಜವಾದ ಕಥೆ.'

ಆ ಮೋಸಗಾರ ಝೆನ್ಸಿಯ ಅಪ್ಪ.

ಹಿಂಟರ್‌ಮೂಸ್ ಊರಿನ ಕೊಳಕ್ಕೆ ಝೆನ್ಸಿಯೇ ಮೇಸ್ತ್ರಿ. ಚಳಿ ಹಿಡಿದ ಮೇಲೆ ಕೊಳಕ್ಕೆ ಪದರ ಪದರವಾಗಿ ನೀರು ಹಾಯಿಸಿ ಮಂಜುಗಡ್ಡೆ ಕಟ್ಟಿಸುವುದು, ಬಿದ್ದ ಹಿಮ ಗುಡಿಸುವುದು, ಬಿರುಕು ಮುಚ್ಚುವುದು ಅವಳ ಕೆಲಸ. ವಯಸ್ಸು ಅರವತ್ತೊಂದು. ಕೈಯಲ್ಲಿ ಸದಾ ಬರ್ಚ್ ಕಡ್ಡಿಯ ಪೊರಕೆ. ಬುಧವಾರದ ಅತಿಥಿಗಳಿಗೆ ಆಟ ಕಲಿಸುವುದೂ ಅವಳ ಪಾಲಿಗೇ ಬಂದಿತ್ತು. ಹಿಡಿಗುಂಡು ಎಂದರೆ ಕಬ್ಬಿಣದ ಪಟ್ಟಿ ಬಿಗಿದ, ತಟ್ಟೆಯಷ್ಟು ಅಗಲದ ಮರದ ಗುಂಡು. ಮೇಲೊಂದು ನೆಟ್ಟಗಿನ ಹಿಡಿಕೆ, ಅಡಿಗೊಂದು ಕಳಚಬಹುದಾದ ಅಟ್ಟೆ. ಅದನ್ನು ಗಡ್ಡೆಯ ಮೇಲೆ ಬೀಸಿ ಜಾರಿಸಿ, ದೂರದಲ್ಲಿಟ್ಟ ಗುರಿತುಂಡಿಗೆ ಹತ್ತಿರ ನಿಲ್ಲಿಸಬೇಕು. ಆಟ ಅಷ್ಟೇ. ಇಷ್ಟು ಸಣ್ಣ ಆಟದ ಸುತ್ತ ಇಷ್ಟು ದೊಡ್ಡ ಜಗಳಗಳನ್ನು ಬೆಳೆಸಿದ ಊರು ಇನ್ನೊಂದಿರಲಾರದು.

ಬುಧವಾರ ಆಟ ಮುಗಿದ ಮೇಲೆ ಎಂಗೆಲ್ಬರ್ಟ್ ಅತಿಥಿಗಳನ್ನು ಹೋಟೆಲಿನ ಊಟದ ಕೋಣೆಗೆ ಕರೆದೊಯ್ದ. ಗುಂಡುಗಳನ್ನು ಹೊತ್ತು ತಂದ ಝೆನ್ಸಿ ಬಾಗಿಲ ಬಳಿ ನಿಂತಳು. ಹೊಗೆಗೆ ಕಪ್ಪಾದ ಹಲಗೆ ಗೋಡೆಯ ಮೇಲೆ, ಶೌಚಾಲಯದ ಬಾಗಿಲಿನ ನೆತ್ತಿಗೆ, ಒಂದು ಹಳೆಯ ಹಿಡಿಗುಂಡು ತಲೆಕೆಳಗಾಗಿ ನೇತಾಡುತ್ತಿತ್ತು.

"ನೋಡಿ ಇದನ್ನ," ಎಂದ ಎಂಗೆಲ್ಬರ್ಟ್, ಸಾವಿರ ಸಲ ಹೇಳಿ ನುಣುಪಾದ ದನಿಯಲ್ಲಿ. "ಇಪ್ಪತ್ತೆರಡು ವರ್ಷದ ಹಿಂದೆ ಕೊನೆಯ ಸುತ್ತು. ಊರಿನ ಬಿಸಿಲ ಕಡೆಗೆ ನಾನು ನಾಯಕ, ಬೆಟ್ಟದ ನೆರಳ ಕಡೆಗೆ ಆ ಮುದುಕ. ಎರಡು ಗುಂಡೂ ಸಮಸಮ. ನಾನು ದಾರ ಹಿಡಿದು ಅಳೀತಾ ಇದೀನಿ. ಅಷ್ಟರಲ್ಲಿ ಮುದುಕ ಪೊರಕೆ ತುದಿಯಿಂದ ಗುರಿತುಂಡನ್ನ ತನ್ನ ಕಡೆ ಎಳ್ಕೊಂಡ! ಇನ್ನೂರು ಜನರ ಕಣ್ಣೆದುರಿಗೆ!"

"ಅಯ್ಯಯ್ಯೋ," ಎಂದರು ಹ್ಯಾಂಬರ್ಗಿನಿಂದ ಬಂದಿದ್ದ ಲೂರ್ಸೆನ್ ಅಮ್ಮ. ಮೊಣಕಾಲಿನ ಚಿಪ್ಪು ಬದಲಾಯಿಸಿಕೊಂಡಿದ್ದ ನಿವೃತ್ತ ಶಾಲಾ ತಪಾಸಣಾಧಿಕಾರಿ. "ಆಮೇಲೆ?"

"ನಮ್ಮೂರ ಪದ್ಧತಿ ಅಂದ್ರೆ ಪದ್ಧತಿ. ಮೋಸ ಮಾಡಿದವನ ಗುಂಡು ಗೋಡೆಗೆ. ಅವನು ಮತ್ತೆ ಕೊಳಕ್ಕೆ ಕಾಲಿಡೋ ಹಾಗಿಲ್ಲ. ಮೊಳೆ ಹೊಡೆದ ಕೈಯೇ ಇಳಿಸಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಹೊಡೆದ ಕೈ ಇದು." ಅವನು ಬಲಗೈ ಎತ್ತಿ ತೋರಿಸಿದ. ಅತಿಥಿಗಳು ನಕ್ಕರು. ಯಾರೋ ಫೋಟೋ ತೆಗೆದರು.

ಝೆನ್ಸಿ ಈ ಕಥೆಯನ್ನು ಕೇಳುತ್ತಿದ್ದುದು ಎಂಟನೆಯ ವರ್ಷ. ಕಥೆಯಲ್ಲಿ ಒಂದು ಬೂಟು ಇಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಅವತ್ತು ಅವಳು ಅಂಚಿನಲ್ಲಿ ಗುಡಿಸುತ್ತ ನಿಂತಿದ್ದಳು. ಅಪ್ಪ ಕಾಸ್ಪರನ ಗುಂಡೇ ಹತ್ತಿರವಿತ್ತು, ಎರಡು ಬೆರಳಿನಷ್ಟು. ಅಳೆಯಲು ಬಗ್ಗಿದ ಎಂಗೆಲ್ಬರ್ಟನ ಬಲಗಾಲ ಬೂಟಿನ ಮೂತಿ ಗುರಿತುಂಡನ್ನು ಮೆಲ್ಲಗೆ ತನ್ನ ಗುಂಡಿನ ಕಡೆ ತಳ್ಳಿತು. ಅಪ್ಪ ಅದನ್ನು ಕಂಡ. ಕಂಡವನು ಕೂಗಬೇಕಿತ್ತು. ಮಾತು ಕಡಿಮೆಯ ಮನುಷ್ಯ, ಕೂಗುವ ಬದಲು ಪೊರಕೆಯಿಂದ ತುಂಡನ್ನು ಅದರ ಜಾಗಕ್ಕೆ ವಾಪಸು ಸರಿಸಿದ. ಊರೆಲ್ಲ ಪೊರಕೆ ಕಂಡಿತು. ಬೂಟು ಕಂಡವಳು ಝೆನ್ಸಿ ಒಬ್ಬಳೇ. ಆಗ ಹೆಂಗಸರು ಆಟಕ್ಕೂ ಸಲ್ಲುತ್ತಿರಲಿಲ್ಲ, ಸಾಕ್ಷಿಗೂ ಸಲ್ಲುತ್ತಿರಲಿಲ್ಲ. ಮಗಳಂತೂ ಎರಡು ಪಟ್ಟು ಸಲ್ಲಲಿಲ್ಲ.

ಇದನ್ನಾದರೂ ಅವಳು ಒಂದು ದಿನ ಮರೆಯುತ್ತಿದ್ದಳೋ ಏನೋ. ಆದರೆ ಹದಿನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವಳು 'ನೀಲಿ ಮೇಕೆ'ಗೆ ಹೋಗಿದ್ದಳು. ಆ ಊರಿನಲ್ಲಿ ಆಟಗಾರನ ಶವಪೆಟ್ಟಿಗೆಯ ಹಿಂದೆ ಅವನ ಗುಂಡನ್ನು ಹೊತ್ತು ನಡೆಯುತ್ತಾರೆ. ಒಂದು ದಿನದ ಮಟ್ಟಿಗೆ ಇಳಿಸಿಕೊಡು ಎಂದು ಕೇಳಿದಳು. ಎಂಗೆಲ್ಬರ್ಟ್ ಸೂಪು ಕುಡಿಯುತ್ತಿದ್ದ. ತಲೆಯೆತ್ತಲಿಲ್ಲ. "ಪದ್ಧತಿ ಅಂದ್ರೆ ಪದ್ಧತಿ, ಝೆನ್ಸಿ," ಎಂದ. ಕಾಸ್ಪರನ ಪೆಟ್ಟಿಗೆಯ ಹಿಂದೆ ಅವಳು ಬರಿಗೈಯಲ್ಲಿ ನಡೆದಳು. ಅಂದಿನಿಂದ ಅವನ ಮುಖ ನೋಡಿ ಒಮ್ಮೆಯೂ ನಕ್ಕಿರಲಿಲ್ಲ. ಆ ನಗುವನ್ನು ಕೂಡಿಟ್ಟಿದ್ದಳು.

ಪದ್ಧತಿ ಎಂಬುದು ಒಂದೇ ಇದ್ದರೆ ಎಂಗೆಲ್ಬರ್ಟ್ ಸುಖವಾಗಿರುತ್ತಿದ್ದ. ಊರಿನಲ್ಲಿ ಇನ್ನೂ ಎರಡು ಇದ್ದವು.

ಒಂದು, ದರ್ಜಿಯಾಗುವುದು. ವರ್ಷಕ್ಕೊಮ್ಮೆ, ಜನವರಿಯ ಕೊನೆಯ ಶನಿವಾರ, ಬಿಸಿಲ ಕಡೆಯವರಿಗೂ ನೆರಳ ಕಡೆಯವರಿಗೂ ಹುರಿದ ಹಂದಿಯ ಊಟಕ್ಕಾಗಿ ಪಂದ್ಯ. ಒಂಬತ್ತು ಸುತ್ತು. ಒಂದು ಸುತ್ತೂ ಗೆಲ್ಲದೆ ಸೊನ್ನೆಗೆ ಸೋತ ನಾಯಕನನ್ನು ದರ್ಜಿ ಎನ್ನುತ್ತಾರೆ. ಯಾಕೆ ದರ್ಜಿ ಎಂದು ಯಾರಿಗೂ ಗೊತ್ತಿಲ್ಲ. ಊರಿನ ದರ್ಜಿ ಮಾತ್ರ ಆ ಇಡೀ ವಾರ ಸಿಡಿಮಿಡಿಗೊಂಡಿರುತ್ತಾನೆ. ದರ್ಜಿಯಾದವನು, ಹಂದಿ ತಟ್ಟೆಗೆ ಬೀಳುವ ಮೊದಲು, ಗೆದ್ದ ನಾಯಕ ಹೇಳಿದ ಯಾವುದಾದರೂ ಒಂದು ಕೆಲಸ ಮಾಡಲೇಬೇಕು. ಒಬ್ಬ ಮೀಸೆ ಬೋಳಿಸಿಕೊಂಡಿದ್ದ. ಇನ್ನೊಬ್ಬ ಅತ್ತೆಯನ್ನು ಜಾರುಬಂಡಿಯಲ್ಲಿ ಕೂರಿಸಿ ಚರ್ಚಿನ ಸುತ್ತ ಮೂರು ಸಲ ಎಳೆದಿದ್ದ. ಆದರೆ ಯಾರಾದರೂ ದರ್ಜಿಯಾಗಿ ಹತ್ತೊಂಬತ್ತು ವರ್ಷವಾಗಿತ್ತು.

ಎರಡನೆಯದು, ಕೊಳದ ಮಾತು. ಪಂದ್ಯದ ಬೆಳಿಗ್ಗೆ ಎಂಟಕ್ಕೆ ಕೊಳದ ಮೇಸ್ತ್ರಿ ಎರಡೂ ಕಡೆಯವರ ಎದುರು ನಿಂತು, ಗಡ್ಡೆ ಇವತ್ತು ಹೇಗಿದೆ, ಹೇಗಾಗುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಬೇಕು. ಸುಳ್ಳು ಹೇಳಿದರೆ ಅವರ ಗುಂಡೂ ಗೋಡೆಗೆ. ಅದನ್ನು ಕೇಳಿ ಒಂದೊಂದು ತಂಡವೂ ಒಂದೊಂದು ಜಾತಿಯ ಅಟ್ಟೆ ಆರಿಸಿಕೊಳ್ಳುತ್ತದೆ. ಮಿಂಚುವ ವೇಗದ ಗಡ್ಡೆಗೆ ಹಿಡಿದು ನಿಲ್ಲಿಸುವ ಮೆತ್ತನೆಯ ಅಟ್ಟೆ, ಬೆವೆತು ಮಂಕಾದ ಗಡ್ಡೆಗೆ ಮುಂದಕ್ಕೋಡುವ ಗಟ್ಟಿ ಅಟ್ಟೆ. ಉಳಿದ ಅಟ್ಟೆಗಳೆಲ್ಲ ಪಾದ್ರಿಯ ಪೆಟ್ಟಿಗೆಗೆ. ಬೀಗ ಬಿದ್ದ ಮೇಲೆ ಪಂದ್ಯ ಮುಗಿಯುವ ತನಕ ಬದಲಾವಣೆ ಇಲ್ಲ.

ಮೂರು ವರ್ಷದ ಹಿಂದೆ, ಗಂಡಸರು ಸಾಲದಾಗಿ, ಊರು ಹೆಂಗಸರನ್ನೂ ಆಟಕ್ಕೆ ಸೇರಿಸಿಕೊಂಡಿತ್ತು. ಈ ವರ್ಷ ನೆರಳ ಕಡೆಯವರು ಝೆನ್ಸಿಯನ್ನೇ ನಾಯಕಿ ಮಾಡಿದರು.

ಶನಿವಾರ ಬೆಳಿಗ್ಗೆ ಏಳೂವರೆಗೆ ಚೀಸ್ ಮಾಡುವ ಸೆವರಿನ್ ಕೊಳದ ಬಳಿ ಬಂದ. ಎಪ್ಪತ್ತು ದಾಟಿದ್ದ, ಅವಳಪ್ಪನ ಜೊತೆ ಆಡಿದ್ದವನು. ಗಡ್ಡೆ ಗಾಜಿನ ಹಾಗೆ ಹೊಳೆಯುತ್ತಿತ್ತು.

"ಮೆತ್ತನೆ ಅಟ್ಟೆಗೆ ಹೇಳಿ ಮಾಡಿಸಿದ ದಿನ," ಎಂದ.

"ಅಲ್ಲ," ಎಂದಳು ಝೆನ್ಸಿ. "ಆಚೆ ಬೆಟ್ಟ ನೋಡು. ಒಂದೊಂದು ಮರಾನೂ ಎಣಿಸಬಹುದು, ಅಷ್ಟು ಹತ್ತಿರ ಬಂದಿದೆ. ಒಂಬತ್ತಕ್ಕೆಲ್ಲ ಬೆಚ್ಚನೆ ತೆಂಕಣ ಗಾಳಿ ಇಳಿಯುತ್ತೆ. ಗಡ್ಡೆ ಬೆವರುತ್ತೆ. ಗಟ್ಟಿ ಅಟ್ಟೆ ಹಾಕದವನ ಗುಂಡು ಅರ್ಧ ದಾರೀಲಿ ಕೂತುಬಿಡುತ್ತೆ."

"ಎಂಗೆಲ್ಬರ್ಟನ ಫೋನಲ್ಲಿ ಗಾಳಿ ಮಧ್ಯಾಹ್ನ ಮೂರಕ್ಕಂತೆ. ನಿನ್ನೆ ಬೇಕರೀಲಿ ಹೇಳ್ತಿದ್ದ."

"ಫೋನು ಈ ಕೊಳದ ಹತ್ತಿರ ಹುಟ್ಟಿಲ್ಲ."

ಸೆವರಿನ್ ಸ್ವಲ್ಪ ಹೊತ್ತು ಮೀಸೆ ಕಚ್ಚಿದ. "ಎಂಟು ಗಂಟೆಗೆ ಇದನ್ನೆಲ್ಲ ಅವನಿಗೆ ಹೇಳ್ತೀಯಾ?"

"ಹೇಳಬೇಕಲ್ಲ. ಅಪ್ಪ ಮೂವತ್ತು ವರ್ಷ ಹೇಳಿದ."

"ಅವನು ಅದನ್ನೇ ಕೇಳಿ ಗಟ್ಟಿ ಅಟ್ಟೆ ಹಾಕ್ಕೊಂಡ್ರೆ? ಅವನ ಹುಡುಗರು ನಮಗಿಂತ ಜೋರು ಕಣೇ. ಗೆಲ್ಲೋದೇ ಕಷ್ಟ. ದರ್ಜಿ ಮಾಡೋದಂತೂ ಮರೆತುಬಿಡು."

"ಅವನು ನಂಬಿದ್ರೆ ಮರೆಯೋಣ," ಎಂದಳು ಝೆನ್ಸಿ. "ತಾನು ನನ್ನ ಜಾಗದಲ್ಲಿದ್ರೆ ಏನು ಮಾಡ್ತಿದ್ದೆ ಅಂತ ಒಂದು ಗಳಿಗೆ ಯೋಚಿಸ್ತಾನೆ. ಅಷ್ಟು ಸಾಕು ನನಗೆ."

ಎಂಟು ಹೊಡೆಯಿತು. ಎರಡೂ ಕಡೆಯವರು ಕೊಳದ ಅಂಚಿನಲ್ಲಿ ಸಾಲಾದರು. ಹಿಂದೆ 'ನೀಲಿ ಮೇಕೆ'ಯ ಅತಿಥಿಗಳು ದಪ್ಪ ಕೋಟುಗಳಲ್ಲಿ ಮೂಟೆಗಳಂತೆ ನಿಂತಿದ್ದರು. ಎಂಗೆಲ್ಬರ್ಟ್ ಪಂದ್ಯವನ್ನೂ ಚೀಟಿಗೆ ಸೇರಿಸಿದ್ದ. ಝೆನ್ಸಿ ಪೊರಕೆ ಊರಿಕೊಂಡು ಮುಂದೆ ಬಂದಳು.

"ಗಡ್ಡೆ ಈಗ ವೇಗವಾಗಿದೆ. ಒಂಬತ್ತರ ಹೊತ್ತಿಗೆ ತೆಂಕಣ ಗಾಳಿ ಬರುತ್ತೆ. ಆಮೇಲೆ ಪೂರ್ತಿ ಮಂಕು. ಗಟ್ಟಿ ಅಟ್ಟೆ ಹಾಕಿದವರು ಬದುಕ್ತಾರೆ."

ಇಷ್ಟು ಹೇಳಿ ಎಂಗೆಲ್ಬರ್ಟನ ಕಡೆ ತಿರುಗಿದಳು. ತಿರುಗಿ, ಹದಿನಾಲ್ಕು ವರ್ಷದಿಂದ ಕೂಡಿಟ್ಟ ನಗುವನ್ನು ತೆಗೆದು ಅವನಿಗೆ ಕೊಟ್ಟಳು. ಪೂರ್ತಿ ನಗು. ಹಲ್ಲು ಕಾಣುವಂತೆ, ಕೆನ್ನೆ ಉಬ್ಬುವಂತೆ, ಮದುವೆಗೆ ಕರೆಯಲು ಬಂದವರ ನಗು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ಎಂಗೆಲ್ಬರ್ಟ್," ಎಂದಳು.

ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಾದ್ರಿ ಬೇಕಾದರೆ ಬೈಬಲ್ ಮುಟ್ಟಿಸಬಹುದಿತ್ತು. ಸುಳ್ಳಿದ್ದದ್ದು ನಗುವಿನಲ್ಲಿ, ಮತ್ತು ನಗುವಿಗೆ ಯಾವ ಪದ್ಧತಿಯಲ್ಲೂ ಶಿಕ್ಷೆ ಇಲ್ಲ.

ಎಂಗೆಲ್ಬರ್ಟ್ ಆ ನಗುವನ್ನು ನೋಡಿದ. ಫೋನು ನೋಡಿದ. ಮಿಂಚುವ ಗಡ್ಡೆಯನ್ನು ನೋಡಿದ. ಅವನ ಮುಖದ ಮೇಲೆ ಬುದ್ಧಿವಂತರಿಗೆ ಮಾತ್ರ ಬರುವ ಒಂದು ತೃಪ್ತಿ ಬಂತು.

"ಉಪಕಾರ ಆಯ್ತು ಮೇಸ್ತ್ರಿ," ಎಂದ. ತನ್ನವರನ್ನು ಹೋಟೆಲಿನ ಶೆಡ್ಡಿಗೆ ಕರೆದೊಯ್ದ. ಬಾಗಿಲು ಹಾಕುವ ಮೊದಲು ಅವನ ದನಿ ಕೇಳಿಸಿತು: "ನಮ್ಮನ್ನೇನು ಮಕ್ಕಳು ಅಂದ್ಕೊಂಡಿದ್ದಾಳೆ? ಮೆತ್ತನೇದು ಹಾಕ್ರೋ, ಎಲ್ಲರೂ ಮೆತ್ತನೇದು!"

ಸೆವರಿನ್ ಶಿಲುಬೆ ಗುರುತು ಹಾಕಿಕೊಂಡ. ಝೆನ್ಸಿ ಗಟ್ಟಿ ಅಟ್ಟೆಯ ತಿರುಪು ಬಿಗಿದಳು. ಪಾದ್ರಿ ಎರಡೂ ಕಡೆಯ ಉಳಿದ ಅಟ್ಟೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೀಲಿಯನ್ನು ನಿಲುವಂಗಿಯೊಳಗೆ ಇಳಿಬಿಟ್ಟರು.

ಮೊದಲ ಸುತ್ತು ಕಷ್ಟವಾಯಿತು. ಗಡ್ಡೆ ಇನ್ನೂ ಹೊಳೆಯುತ್ತಿತ್ತು, ನೆರಳ ಕಡೆಯವರ ಗುಂಡುಗಳು ಗುರಿ ದಾಟಿ ಆಚೆ ಹಿಮದ ದಿಬ್ಬಕ್ಕೆ ಹೋಗಿ ಹೊಕ್ಕವು. ಝೆನ್ಸಿಯ ಕೊನೆಯ ಗುಂಡು ಬಿಸಿಲ ಕಡೆಯ ಒಂದಕ್ಕೆ ತಾಗಿ, ಅದನ್ನು ಹೊರತಳ್ಳಿ, ತಾನು ಅಲ್ಲಿ ನಿಂತಿತು. ಅದೃಷ್ಟವೆಂದರು ಬಿಸಿಲ ಕಡೆಯವರು. ಅದೃಷ್ಟವೇ ಇರಬಹುದು. ಇಪ್ಪತ್ತೆರಡು ವರ್ಷಕ್ಕೊಂದು ಬರಬಾರದೆಂದೇನೂ ಇಲ್ಲ.

ಎರಡನೆಯ ಸುತ್ತಿನ ನಡುವೆ, ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಲೂರ್ಸೆನ್ ಅಮ್ಮ ಕೊರಳಪಟ್ಟಿ ಸಡಿಲಿಸಿ "ಏನಿದು, ಸೆಖೆ!" ಎಂದರು. ಬೆಟ್ಟದ ನೆತ್ತಿಯಿಂದ ಬೆಚ್ಚನೆಯ ಗಾಳಿ ಇಳಿದು ಕೊಳದ ಮೇಲೆ ಹಾದುಹೋಯಿತು. ಹೋಟೆಲಿನ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಗಡ್ಡೆಯ ಹೊಳಪು, ಉಸಿರು ತಾಗಿದ ಕನ್ನಡಕದಂತೆ, ಹೋಯಿತು.

ಅಲ್ಲಿಂದಾಚೆ ಬಿಸಿಲ ಕಡೆಯವರ ಆಟ ನೋಡಲು ನೋವಾಗುವಂತಿತ್ತು, ನೋವು ಬೇಡದವರಿಗೆ. ಗುಂಡು ಜೋರಾಗಿ ಹೊರಡುತ್ತಿತ್ತು, ನಡುವೆ ಏನೋ ನೆನಪಾದಂತೆ ನಿಧಾನಿಸುತ್ತಿತ್ತು, ಆಮೇಲೆ ಕೂತುಬಿಡುತ್ತಿತ್ತು.

"ಎಂಗೆಲ್ಬರ್ಟ್, ಅದಕ್ಕೊಂದು ಕುರ್ಚಿ ತಂದುಕೊಡೋ!" ಎಂದ ಸೆವರಿನ್. "ಕಾಫಿನೂ ಕೊಡು, ಪಾಪ, ಹಾಸಿಗೆ ಹಿಡಿದಿದೆ!"

"ಮುಚ್ಚೋ ಬಾಯಿ, ಮೊಸರು ಗಡಿಗೆ!"

"ನಾನು ಮುಚ್ಚಿದ್ರೂ ಗುಂಡು ಹೋಗಲ್ಲ ಕಣೋ!"

ನಾಲ್ಕು ಸುತ್ತು ಮುಗಿದ ಮೇಲೆ ಎಂಗೆಲ್ಬರ್ಟ್ ಪಾದ್ರಿಯ ಹತ್ತಿರ ಹೋದ. ಹವಾಮಾನ ಇಷ್ಟು ಬದಲಾದಾಗ ಪೆಟ್ಟಿಗೆ ತೆರೆಯುವುದು ಮಾನವೀಯತೆ ಎಂದ.

"ಬದಲಾಗುತ್ತೆ ಅಂತ ಮೇಸ್ತ್ರಿ ಹೇಳಿದಳಲ್ಲಪ್ಪ," ಎಂದರು ಪಾದ್ರಿ. "ನಾನೇ ಕೇಳಿಸಿಕೊಂಡೆ. ಪದ್ಧತಿ ಅಂದ್ರೆ ಪದ್ಧತಿ."

ಆ ಮಾತು ಕೇಳಿ ಝೆನ್ಸಿ ಬೇರೆ ಕಡೆ ತಿರುಗಿ ಪೊರಕೆ ಸರಿಮಾಡಿಕೊಂಡಳು. ಇದೊಂದನ್ನು ಅವಳು ಯೋಜಿಸಿರಲಿಲ್ಲ. ಉಡುಗೊರೆಯಾಗಿ ಬಂದಿತ್ತು.

ಎಂಟು ಸುತ್ತು, ಎಂಟೂ ನೆರಳ ಕಡೆಗೆ. ಹನ್ನೊಂದರ ಹೊತ್ತಿಗೆ ಇಡೀ ಊರು ಕೊಳದ ಸುತ್ತ ನಿಂತಿತ್ತು. ದರ್ಜಿ ಕೂಡ ಅಂಗಡಿ ಮುಚ್ಚಿ ಬಂದಿದ್ದ.

ಒಂಬತ್ತನೆಯ ಸುತ್ತಿನಲ್ಲಿ ಝೆನ್ಸಿಯ ಗುಂಡು ಗುರಿತುಂಡಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಉಳಿದದ್ದು ಎಂಗೆಲ್ಬರ್ಟನ ಒಂದೇ ಎಸೆತ. ಅವನು ಕೋಟು ಬಿಚ್ಚಿದ. ಮೂರು ಹೆಜ್ಜೆ ಓಡಿ ಬಂದು, ಭುಜದ ಕೀಲು ಕಳಚುವಷ್ಟು ಜೋರಾಗಿ ಬೀಸಿದ. ಗುಂಡು ನೀರು ಚಿಮ್ಮಿಸುತ್ತ ಹೋಯಿತು, ನಿಧಾನಿಸಿತು, ತೆವಳಿತು, ತೆವಳುತ್ತಲೇ ಹೋಗಿ ಗುರಿತುಂಡಿನ ಇನ್ನೊಂದು ಬದಿಗೆ, ಅದೂ ಒಂದು ಗೇಣು ದೂರದಲ್ಲಿ, ನಿಂತಿತು.

ಬರಿಗಣ್ಣಿಗೆ ಎರಡೂ ಸಮಸಮ.

"ಅಳೀಬೇಕು," ಎಂದರು ಪಾದ್ರಿ. "ಯಾರು ಅಳೀತೀರಿ?"

ಎಲ್ಲರೂ ಝೆನ್ಸಿಯನ್ನು ನೋಡಿದರು. ಅವಳು ಪೊರಕೆಯನ್ನು ಹಿಂದೆ ನಿಂತಿದ್ದ ಲೂರ್ಸೆನ್ ಅಮ್ಮನ ಕೈಗೆ ಕೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅವನೇ ಅಳೀಲಿ," ಎಂದಳು.

"ಝೆನ್ಸಿ!" ಎಂದ ಸೆವರಿನ್. "ತಲೆ ಕೆಟ್ಟಿದೆಯಾ ನಿನಗೆ?"

"ಅಭ್ಯಾಸ ಇರೋವನು ಅವನೇ." ಅವಳ ದನಿ ಏರಲಿಲ್ಲ, ಆದರೆ ಕೊಳದ ಆಚೆ ಅಂಚಿಗೂ ಕೇಳಿಸಿತು. "ಎಂಗೆಲ್ಬರ್ಟ್, ನೀನೇ ಅಳಿ. ಬೂಟು ಬಿಚ್ಚಿ ಅಳಿ."

ಅತಿಥಿಗಳಿಗೆ ಇದು ಊರಿನ ಇನ್ನೊಂದು ತಮಾಷೆ ಎನ್ನಿಸಿ ಕೆಲವರು ನಕ್ಕರು. ಹತ್ತಾರು ಫೋನುಗಳು ಮೇಲೆದ್ದವು. ಊರಿನವರು ನಗಲಿಲ್ಲ. ಅವರು ಒಂದು ಮಾತಿಗೆ ಕಾಯುತ್ತಿದ್ದರು. ತೀರ ಸಣ್ಣ ಮಾತು. ಬೂಟು ಬಿಚ್ಚು ಎಂದು ಯಾರಿಗಾದರೂ ಹೇಳಿ ನೋಡಿ, ಮೊದಲು ಏನು ಕೇಳುತ್ತಾರೆ? 'ಯಾಕೆ?' ಎಂದು ಕೇಳುತ್ತಾರೆ.

ಎಂಗೆಲ್ಬರ್ಟ್ 'ಯಾಕೆ' ಎಂದು ಕೇಳಲಿಲ್ಲ.

ಅವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಒಮ್ಮೆ ಬಾಯಿ ತೆರೆದ. ಇನ್ನೂರು ಜನ ಆ ಬಾಯಿಯನ್ನೇ ನೋಡುತ್ತಿದ್ದರು. ಆ ಮಾತು ಆಗಲೂ ಅಲ್ಲೇ ಇತ್ತು, ಎತ್ತಿಕೊಂಡರೆ ಸಾಕಿತ್ತು. ಅವನು ಬಾಯಿ ಮುಚ್ಚಿ, ಗಡ್ಡೆಯ ಮೇಲೆ ಕುಕ್ಕರಿಸಿ, ಬಲಗಾಲಿನ ಬೂಟಿನ ದಾರ ಬಿಚ್ಚತೊಡಗಿದ. ಬಲಗಾಲಿನದೇ ಮೊದಲು.

"ಯಾಕೆ ಅಂತ ಕೇಳಲೇ ಇಲ್ಲ," ಎಂದ ಬಿಸಿಲ ಕಡೆಯ ಯಾರೋ ಒಬ್ಬ, ಮೆಲ್ಲಗೆ, ತನಗೇ ಹೇಳಿಕೊಂಡಂತೆ. ಆ ಮಾತು ಬಾಯಿಂದ ಬಾಯಿಗೆ ಕೊಳದ ಸುತ್ತ ಹರಿದು, ಪೂರ್ತಿ ಒಂದು ಸುತ್ತು ಬಂದು, ಎಂಗೆಲ್ಬರ್ಟನ ಬೆನ್ನ ಹಿಂದೆ ನಿಂತಿತು.

ಅವನು ಒದ್ದೆಯಾದ ಉಣ್ಣೆ ಕಾಲುಚೀಲದಲ್ಲಿ ನಿಂತು ದಾರ ಹಿಡಿದು ಅಳೆದ. ಮತ್ತೊಮ್ಮೆ ಅಳೆದ.

"ಒಂದು ಬೆರಳು," ಎಂದ.

"ಯಾರಿಗಪ್ಪ?" ಎಂದರು ಪಾದ್ರಿ.

"ಅವಳಿಗೆ."

ಸೆವರಿನ್ ಟೋಪಿ ಎಸೆದ. ದರ್ಜಿ ಹಿಂದಿನಿಂದ "ಅಂತೂ ಜೊತೆಗೊಬ್ಬ ಸಿಕ್ಕಿದ!" ಎಂದು ಕೂಗಿದ. ಝೆನ್ಸಿ ಲೂರ್ಸೆನ್ ಅಮ್ಮನಿಂದ ಪೊರಕೆ ಇಸಿದುಕೊಂಡಳು. ಅವಳು ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ, ಇನ್ನೂ ಕೆಲಸ ಬಾಕಿ ಇತ್ತು.

ಊಟದ ಕೋಣೆ ಕಿಕ್ಕಿರಿದಿತ್ತು. ಅಡಿಗೆಮನೆಯಿಂದ ಹಂದಿಯ ಚರ್ಮ ಚಟಪಟ ಸಿಡಿಯುವ ಸದ್ದು, ಎಲೆಕೋಸಿನ ಹುಳಿ ವಾಸನೆ. ಎಂಗೆಲ್ಬರ್ಟ್ ಬೂಟು ಹಾಕಿಕೊಂಡಿದ್ದ, ದಾರ ಕಟ್ಟಿರಲಿಲ್ಲ.

"ಮೀಸೆ ಬೋಳಿಸು ಅನ್ನು!" ಎಂದಿತು ನೆರಳ ಕಡೆ. "ಅಂಗಿ ಬಿಚ್ಚಿಸಿ ಹಿಮದಲ್ಲಿ ಹೊರಳಿಸು! ಮಂಗಳವಾರ ಕುದುರೆ ಬದಲು ಇವನನ್ನೇ ಬಂಡಿಗೆ ಕಟ್ಟು!"

"ಏಣಿ ತಗೊಂಡು ಬಾ," ಎಂದಳು ಝೆನ್ಸಿ.

ಅವನು ತಂದ. ಶೌಚಾಲಯದ ಬಾಗಿಲಿಗೆ ಒರಗಿಸಿದ. ಒಳಗೆ ಸಿಕ್ಕಿಹಾಕಿಕೊಂಡ ಅತಿಥಿಯೊಬ್ಬ ಎರಡು ಸಲ ತಟ್ಟಿ ಸುಮ್ಮನಾದ. ಎಂಗೆಲ್ಬರ್ಟ್ ಹತ್ತಿ, ಹೊಡೆದ ಅದೇ ಕೈಯಿಂದ ಗುಂಡನ್ನು ಬಿಡಿಸಿ, ಇಳಿದು ಬಂದು ಅವಳಿಗೆ ಕೊಟ್ಟ. ಅವಳು ಅದರ ಹಿಡಿಕೆ ಹಿಡಿದಳು. ಅಪ್ಪನ ಹೆಬ್ಬೆರಳು ಸವೆಸಿದ ಕುಳಿ ಹಾಗೇ ಇತ್ತು. ಅವಳ ಹೆಬ್ಬೆರಳಿಗೆ ಅದು ದೊಡ್ಡದು.

ಅವನು ಸುತ್ತ ಕೇಳಿಸದಂತೆ, "ಮುಗೀತಲ್ಲ, ಝೆನ್ಸಿ?" ಎಂದ. "ಇನ್ನು ಬಿಟ್ಟುಬಿಡು."

ಅವಳು ಗೋಡೆ ನೋಡುತ್ತಿದ್ದಳು. ಹೊಗೆ ಹಿಡಿದು ಕಪ್ಪಾದ ಹಲಗೆಯ ಮೇಲೆ, ಗುಂಡಿದ್ದ ಜಾಗದಲ್ಲಿ, ಅದೇ ಆಕಾರದ ಬಿಳಿ ಗುರುತು ಮೂಡಿತ್ತು. ಹಿಡಿಕೆ ಕೆಳಗೆ, ಅಟ್ಟೆ ಮೇಲೆ. ಇಪ್ಪತ್ತೆರಡು ವರ್ಷದ ಹೊಗೆ ತಪ್ಪಿಸಿಕೊಂಡ ಮರ. ಅವನೂ ಅವಳ ಕಣ್ಣಿನ ಜಾಡು ಹಿಡಿದು ಅದನ್ನು ನೋಡಿದ. ಇಡೀ ಗೋಡೆ ಕಿತ್ತರೆ ಮಾತ್ರ ಅದು ಹೋಗುತ್ತಿತ್ತು. ಇಡೀ ಗೋಡೆ ಕಿತ್ತರೆ ಇಡೀ ಊರು ಯಾಕೆಂದು ಕೇಳುತ್ತಿತ್ತು.

"ಹಂದಿ ತಣ್ಣಗಾಗುತ್ತೆ," ಎಂದಳು ಝೆನ್ಸಿ. "ಕೂತ್ಕೊ, ಊಟ ಮಾಡು."

ಭಾನುವಾರ ಇಡೀ ದಿನ ಗುಂಡು ಕಾಸ್ಪರನ ಸಮಾಧಿಯ ಮೇಲಿತ್ತು. ಸೋಮವಾರ ಅವಳು ಅದನ್ನು ಮನೆಗೆ ತಂದು ಹೊಸ ಅಟ್ಟೆ ಹಾಕಿದಳು. ಕೆಲಸವಿಲ್ಲದೆ ಬಿದ್ದಿರುವ ವಸ್ತು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಬುಧವಾರ ಆ ಗುಂಡಿನಿಂದಲೇ ಅತಿಥಿಗಳಿಗೆ ಪಾಠ ಹೇಳಿದಳು. ಎರಡನೆಯ ವಾರಕ್ಕೂ ಉಳಿದುಕೊಂಡಿದ್ದ ಲೂರ್ಸೆನ್ ಅಮ್ಮ ಕೃತಕ ಮೊಣಕಾಲನ್ನೂ ಮರೆತು ಚೆನ್ನಾಗಿ ಆಡಿದರು.

ಆಟ ಮುಗಿದ ಮೇಲೆ ಎಲ್ಲರೂ ಊಟದ ಕೋಣೆಗೆ ಬಂದರು. ಎಂಗೆಲ್ಬರ್ಟ್ ಬಿಸಿ ವೈನ್ ಹಂಚಿ, ಕೆಮ್ಮಿ, ಗುರುವಾರದ ಜಾರುಬಂಡಿಗೆ ಎಂಥ ಕೈಗವಸು ತರಬೇಕೆಂದು ಹೇಳತೊಡಗಿದ. ಬಹಳ ವಿವರವಾಗಿ ಹೇಳಿದ.

"ಕಥೆ?" ಎಂದ ಹೊಸದಾಗಿ ಬಂದ ಅತಿಥಿಯೊಬ್ಬ, ಚೀಟಿ ಎತ್ತಿ ಹಿಡಿದು. ಚೀಟಿಗಳು ಮಾರ್ಚ್ ತನಕದವು ಅಚ್ಚಾಗಿ ಕೂತಿದ್ದವು. "ಮೋಸಗಾರನ ಗುಂಡಿನ ನಿಜವಾದ ಕಥೆ ಅಂತಿದೆಯಲ್ಲ? ಗುಂಡು ಎಲ್ಲಿ? ಗೋಡೆ ಮೇಲೆ ಗುರುತು ಮಾತ್ರ ಇದೆ."

"ಅದು... ಇಳಿಸಿದ್ವಿ," ಎಂದ ಎಂಗೆಲ್ಬರ್ಟ್.

"ಯಾಕೆ?"

"ಅದು ಮೋಸಗಾರನದಲ್ಲ ಅಂತ ಆಯ್ತು."

"ಓಹೋ!" ಎಂದರು ಲೂರ್ಸೆನ್ ಅಮ್ಮ. ನಲವತ್ತು ವರ್ಷ ಶಾಲೆಗಳನ್ನು ತಪಾಸಣೆ ಮಾಡಿದ್ದ ಅವರು ಕನ್ನಡಕ ಏರಿಸಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಹಾಗಾದ್ರೆ ಮೋಸಗಾರ ಯಾರು?"

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಝೆನ್ಸಿ, ಎಂಟು ವರ್ಷದಲ್ಲಿ ಮೊದಲ ಸಲ, ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಪೊರಕೆಯನ್ನು ಪಕ್ಕಕ್ಕೆ ಒರಗಿಸಿ, ಒಂದು ಲೋಟ ಎತ್ತಿ ಎಂಗೆಲ್ಬರ್ಟನ ಮುಂದೆ ಹಿಡಿದಳು.

"ನನಗೂ ಹಾಕಪ್ಪ," ಎಂದಳು. "ಆಮೇಲೆ ಹೇಳು. ಮಾರ್ಚ್ ತನಕ ಎಲ್ಲ ಬುಧವಾರಾನೂ ನನಗೆ ಬಿಡುವೇ."